ಎರಡು ತಾಯಂದಿರ ನಡುವೆ

ಯಶೋದೆಯ ಕೃಷ್ಣ, ರಾಧೆಯ ಕರ್ಣ ಇಬ್ಬರೂ ಸಾಕುಮಕ್ಕಳೇ. ಒಬ್ಬ ಸಾಕಿದ ತಾಯಿಯನ್ನು ಬಿಟ್ಟು ಮಥುರೆಗೆ ಹೊರಟ. ಇನ್ನೊಬ್ಬ ಹೆತ್ತ ತಾಯಿ ಬಂದು ಕರೆದರೂ ಹೋಗಲಿಲ್ಲ. ಹರಿಕಥೆ, ಯಕ್ಷಗಾನಗಳಲ್ಲಿ ಈ ಕಥೆಗಳನ್ನು ಕೇಳುತ್ತ ಬೆಳೆದ ನಾವು ಈಗ ನೆಲೆಸಿರುವ ಸ್ವೀಡನ್ನಿನಲ್ಲಿ, ಇಂಥದೇ ಕಥೆಯನ್ನು ಸುಮಾರು 70,000 ಮಕ್ಕಳು ಬದುಕಿದ್ದಾರೆ!

1939ರ ನವೆಂಬರ್ 30ರಂದು ಸೋವಿಯತ್ ಸೇನೆ ಫಿನ್ಲೆಂಡಿನ ಮೇಲೆ ಎರಗಿತು. ಅದು ಮುಗಿದು ಒಂದೂಕಾಲು ವರ್ಷವಾಗುವಷ್ಟರಲ್ಲಿ, 1941ರ ಜೂನ್‌ನಲ್ಲಿ ಮತ್ತೆ ಯುದ್ಧ, 1944ರ ಸೆಪ್ಟೆಂಬರ್‌ವರೆಗೆ. ಬಾಂಬು, ಹಸಿವು, ರೋಗಗಳಿಂದ ಪಾರು ಮಾಡಲು ಫಿನ್ಲೆಂಡಿನ ತಾಯಂದಿರು ಮಕ್ಕಳನ್ನು ತಟಸ್ಥ ಸ್ವೀಡನ್ನಿಗೆ ಕಳಿಸಿಕೊಟ್ಟರು. ಕೊರಳಿಗೆ ಹೆಸರಿನ ಚೀಟಿ ಕಟ್ಟಿಕೊಂಡು ಕೆಲವರು ಹಡಗಿನಲ್ಲಿ, ಕೆಲವರು ಉತ್ತರದ ಹಾಪರಾಂಡದ ಮೂಲಕ ರೈಲಿನಲ್ಲಿ ಬಂದರು. ಅಣ್ಣ ಒಂದು ಮನೆಗೆ, ತಂಗಿ ಇನ್ನೊಂದು ಮನೆಗೆ ಸೇರಿದ್ದೂ ಉಂಟು.

ಬಹಳಷ್ಟು ಮನೆಗಳಲ್ಲಿ ಮಕ್ಕಳಿಗೆ ಹೊಟ್ಟೆ ತುಂಬ ಊಟವೂ ಸಿಕ್ಕಿತು, ಪ್ರೀತಿಯೂ ಸಿಕ್ಕಿತು. ಆದರೆ ಫಿನ್ನಿಶ್ ಮತ್ತು ಸ್ವೀಡಿಶ್ ಬೇರೆ ಬೇರೆ ಭಾಷಾಕುಟುಂಬದವು, ನಮ್ಮ ಕನ್ನಡ ಮತ್ತು ಹಿಂದಿಯ ಹಾಗೆ. ಎಳೆಯ ಮಕ್ಕಳು ಬಲುಬೇಗ ತಾಯ್ನುಡಿಯನ್ನು ಮರೆತುಬಿಟ್ಟರು. ಯುದ್ಧ ಮುಗಿದು ಮನೆಗೆ ಮರಳಿದಾಗ ಎದುರಿಗೆ ನಿಂತ ಅಮ್ಮನ ಮಾತೇ ಅರ್ಥವಾಗಲಿಲ್ಲ. ದೊಡ್ಡವರ ಲೆಕ್ಕದಲ್ಲಿ ಅದು ಮನೆಗೆ ಮರಳುವುದು. ಮಗುವಿನ ಲೆಕ್ಕದಲ್ಲಿ ಎರಡನೆಯ ಸಲ ತಾಯಿಯನ್ನು ಕಳೆದುಕೊಳ್ಳುವುದು. ಸಾವಿರಾರು ಮಕ್ಕಳು ಮರಳಲೇ ಇಲ್ಲ, ಸ್ವೀಡನ್ನಿನವರೇ ಆಗಿಹೋದರು.

ಎಚ್ಚರಿಕೆ ಯಾರೂ ಕೊಟ್ಟಿರಲಿಲ್ಲವೆಂದಲ್ಲ. 1939ರ ಡಿಸೆಂಬರ್‌ನಲ್ಲೇ ಜಾನ್ ಬೌಲ್ಬಿ, ಡೊನಾಲ್ಡ್ ವಿನಿಕಾಟ್ ಮತ್ತು ಇಮ್ಯಾನ್ಯುಯೆಲ್ ಮಿಲ್ಲರ್ ಬ್ರಿಟಿಷ್ ವೈದ್ಯಪತ್ರಿಕೆಗೆ ಪತ್ರ ಬರೆದು, ಎಳೆಯ ಮಕ್ಕಳನ್ನು ತಾಯಿಯಿಂದ ಬೇರ್ಪಡಿಸಿ ಊರು ಬಿಡಿಸುವುದು ಮನಸ್ಸಿಗೆ ಅಪಾಯವೆಂದಿದ್ದರು. ಅಲ್ಲಿ ಹಾಗೆ ಬೇರೆ ಊರಿಗೆ ಹೋದ ಮಕ್ಕಳು ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಮನೆಮನೆಯ ದೂರಾಗಿತ್ತು. ಹಟವೆಂದು ಬೈಸಿಕೊಂಡದ್ದು ಎಷ್ಟೋ ಸಲ ಹೇಳಲು ಬಾರದ ದುಃಖ!

ಕಂಪ್ಯೂಟರಿನ ಮುಂದೆ ಕೂರುವ ನಾವು ಅಂಕಿಅಂಶಗಳನ್ನೂ ಕೇಳುತ್ತೇವೆ. ಟೋರ್ಸ್ಟೆನ್ ಸಾಂತಾವಿರ್ತ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಜಾಣತನ ಹೋಲಿಕೆಯಲ್ಲಿದೆ: ಸ್ವೀಡನ್ನಿಗೆ ಹೋದ ಮಗುವನ್ನು, ಮನೆಯಲ್ಲೇ ಉಳಿದ ಅದರದೇ ಒಡಹುಟ್ಟಿದವರೊಂದಿಗೆ ಹೋಲಿಸಿದರು. ಒಟ್ಟಾರೆ ಮಾನಸಿಕ ಕಾಯಿಲೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಹೋಗಿಬಂದ ಹುಡುಗಿಯರು ಮುಂದೆ ಖಿನ್ನತೆಯಂಥ ಕಾಯಿಲೆಯಿಂದ ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು ಎರಡು ಪಟ್ಟು. 2017ರ ಕೊನೆಯಲ್ಲಿ ಬಂದ ಇನ್ನೊಂದು ಅಧ್ಯಯನ, ಆ ಹುಡುಗಿಯರ ಹೆಣ್ಣುಮಕ್ಕಳಲ್ಲೂ ಅಪಾಯ ಹೆಚ್ಚಿರುವುದನ್ನು ತೋರಿಸಿತು. ಹಾಗೆಂದು ಎಲ್ಲರ ಬಾಳೂ ಮುರಿಯಿತು ಎನ್ನುವಂತಿಲ್ಲ. ಏನೂ ಆಗಲಿಲ್ಲ ಎನ್ನುವಂತೆಯೂ ಇಲ್ಲ.

ಸ್ವೀಡನ್ ತನ್ನ ಸ್ವಂತ ಸಾಕುಮಕ್ಕಳನ್ನು ನೋಡಿಕೊಂಡ ಬಗೆಯೂ ಹೆಮ್ಮೆಯದಲ್ಲ. ಬಡವರ ಮಕ್ಕಳನ್ನು ಅತಿ ಕಡಿಮೆ ಹಣಕ್ಕೆ ಸಾಕಲು ಒಪ್ಪಿದವರಿಗೆ ಹರಾಜಿನಲ್ಲಿ ಕೊಡುವ ಪದ್ಧತಿ ಇತ್ತು. ಕಾನೂನು ಅದನ್ನು ನಿಷೇಧಿಸಿದ್ದು 1918ರಲ್ಲಿ. 1920ರಿಂದ 1980ರವರೆಗೆ ಅನಾಥಾಲಯ, ಸಾಕುಮನೆಗಳಲ್ಲಿ ನಡೆದ ದೌರ್ಜನ್ಯವನ್ನು ಸರ್ಕಾರಿ ಆಯೋಗವೊಂದು ತನಿಖೆ ಮಾಡಿತು. 2011ರ ನವೆಂಬರ್ 21ರಂದು, ನೊಬೆಲ್ ಔತಣ ನಡೆಯುವ ಸ್ಟಾಕ್‌ಹೋಮಿನ ಅದೇ ಸಭಾಂಗಣದಲ್ಲಿ, ಸಂಸತ್ತಿನ ಸಭಾಧ್ಯಕ್ಷರು ಆ ಮಕ್ಕಳ ಕ್ಷಮೆ ಕೇಳಿದರು. ಮಕ್ಕಳೆಂದರೆ... ಅಷ್ಟು ಹೊತ್ತಿಗೆ ತಲೆ ನರೆತವರು.

ಪಾಠ ಕಲಿತಿಲ್ಲವೆಂದಲ್ಲ. ಮಗುವನ್ನು ಬೇರೆ ಮನೆಗೆ ಕಳಿಸುವ ಮುನ್ನ ಬಂಧುಬಳಗದ ಮನೆಯಲ್ಲಿ ಇರಿಸಲಾದೀತೇ ಎಂದು ಮೊದಲು ನೋಡಬೇಕೆಂಬ ನಿಯಮ 1999ರಿಂದ ಇದೆ. ಶಾಲೆಯಲ್ಲಿ ತಾಯ್ನುಡಿಯ ಪಾಠಕ್ಕೆ 1977ರ ಸುಧಾರಣೆಯೇ ದಾರಿ ಮಾಡಿತ್ತು.

ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಮುಖ ಸಿಂಡರಿಸಿದಾಗ, ಇದೆಲ್ಲ ಯಾಕೆ ಬೇಕು ಎಂದು ನಮಗೂ ಅನಿಸುವುದುಂಟು. ಊರಿನ ಅಜ್ಜಿ ಫೋನಿನಲ್ಲಿ ಕೇಳುವ “ಊಟ ಆಯ್ತಾ ಪುಟ್ಟಾ?” ಎಂಬ ಪ್ರಶ್ನೆಗೆ ಮಗು ತಾನಾಗಿ ಉತ್ತರ ಕೊಟ್ಟರೆ ಅಷ್ಟೇ ಸಾಕು. ಎಷ್ಟೋ ಫಿನ್ನಿಶ್ ತಾಯಂದಿರಿಗೆ, ಮಗ ಕಣ್ಣೆದುರೇ ನಿಂತಿದ್ದರೂ, ಅಷ್ಟು ಸಿಕ್ಕಿರಲಿಲ್ಲ.