ಬೀಗ ಬಿದ್ದ ಕಾಲದ ತೊಟ್ಟಿಲು

ಐರ್ಲೆಂಡಿನ ಲಿಮೆರಿಕ್ ನಗರದ ಹೆರಿಗೆ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವೈದ್ಯರಾಗಿರುವ ರಾಯ್ ಫಿಲಿಪ್ 2020ರಲ್ಲಿ ರಜೆ ಮುಗಿಸಿ ಮರಳಿದಾಗ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ದಿನ ತುಂಬದೆ ಹುಟ್ಟಿದ ತೀರಾ ಪುಟ್ಟ ಕೂಸುಗಳಿಗೆ ಕೊಡುವ ವಿಶೇಷ ಪೌಷ್ಟಿಕ ಪೂರಕಕ್ಕೆ ಆರ್ಡರ್ ಹೋಗಿರಲೇ ಇಲ್ಲ. ಯಾಕೆಂದು ವಿಚಾರಿಸಿದರೆ, ಅಂಥ ಮಕ್ಕಳೇ ಹುಟ್ಟಿಲ್ಲ ಎಂಬ ಉತ್ತರ ಬಂತು.

ಅವರು ಹಳೆಯ ದಾಖಲೆಗಳನ್ನು ತೆಗೆದರು. 2001ರಿಂದ 2019ರವರೆಗಿನ ಜನವರಿ–ಏಪ್ರಿಲ್ ಅವಧಿಯಲ್ಲಿ ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುಗಳ ಪ್ರಮಾಣ ಸಾವಿರಕ್ಕೆ 8.18 ಇತ್ತು. 2020ರ ಅದೇ ತಿಂಗಳುಗಳಲ್ಲಿ ಅದು 2.17ಕ್ಕೆ ಇಳಿದಿತ್ತು. ಡೆನ್ಮಾರ್ಕಿನ ಸಂಶೋಧಕರಿಗೂ ಇಂಥದ್ದೇ ಬೆರಗು ಕಾದಿತ್ತು: 28 ವಾರಕ್ಕೂ ಮೊದಲೇ ಹುಟ್ಟುವ ಮಕ್ಕಳ ಪ್ರಮಾಣ ಕೋವಿಡ್ ಲಾಕ್‌ಡೌನಿನ ಮೊದಲ ತಿಂಗಳಲ್ಲಿ ಸುಮಾರು ಶೇ 90ರಷ್ಟು ಕುಸಿದಿತ್ತು. ನೆದರ್ಲೆಂಡಿನಲ್ಲಿ 15 ಲಕ್ಷಕ್ಕೂ ಹೆಚ್ಚು ಶಿಶುಗಳ ದಾಖಲೆಗಳನ್ನು ಜಾಲಾಡಿದಾಗಲೂ ಇಳಿಕೆಯೇ ಕಂಡಿತು.

ಕಾರಣ ಏನಿರಬಹುದು? ಮನೆಯಲ್ಲೇ ಸಿಕ್ಕ ವಿಶ್ರಾಂತಿ, ಹೊಗೆ ಕಡಿಮೆಯಾದ ಗಾಳಿ, ಸೋಂಕು ತಗಲುವ ಅವಕಾಶವೇ ಕಡಿಮೆಯಾದದ್ದು ಎಂದು ಹಲವು ಊಹೆಗಳು ಹುಟ್ಟಿದವು. ಅವಧಿಪೂರ್ವ ಹೆರಿಗೆಗೆ ಕಾರಣ ಹುಡುಕಿ ದಶಕಗಳಿಂದ ಸೋತಿದ್ದ ವೈದ್ಯರಲ್ಲಿ ಆಸೆ ಚಿಗುರಿದ್ದು ಸಹಜ.

ಆದರೆ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಿಂದ ಬಂದ ವರದಿ ಬೇರೆಯೇ ಕಥೆ ಹೇಳಿತು. ಅಲ್ಲಿ ಹೊಟ್ಟೆಯಲ್ಲೇ ತೀರಿಕೊಂಡ ಮಕ್ಕಳ ಪ್ರಮಾಣ ಸಾವಿರಕ್ಕೆ 2.38ರಿಂದ 9.31ಕ್ಕೆ ಏರಿತ್ತು. ಆ ತಾಯಂದಿರಲ್ಲಿ ಯಾರಿಗೂ ಕೋವಿಡ್ ಲಕ್ಷಣಗಳಿರಲಿಲ್ಲ. ಇಡೀ ಇಂಗ್ಲೆಂಡಿನ ಲೆಕ್ಕದಲ್ಲಿ ಈ ಏರಿಕೆ ಕಾಣಲಿಲ್ಲ. ಒಂದೇ ಆಸ್ಪತ್ರೆಯ ಅಂಕಿಗಳನ್ನು ನೆಚ್ಚಿಕೊಂಡರೆ ಆಸೆಯೂ ಭಯವೂ ಹಿಗ್ಗುತ್ತವೆ.

ನೇಪಾಳದ ಚಿತ್ರವನ್ನು ಮಾತ್ರ ಹಾಗೆ ತಳ್ಳಿಹಾಕಲಾಗದು. ಒಂಬತ್ತು ಆಸ್ಪತ್ರೆಗಳಲ್ಲಿ ವಾರಕ್ಕೆ ಸರಾಸರಿ 1261 ಇದ್ದ ಹೆರಿಗೆ 651ಕ್ಕೆ ಇಳಿಯಿತು. ಬಂದು ಹೆತ್ತವರಲ್ಲೂ ನವಜಾತ ಶಿಶುಗಳ ಮರಣ ಸಾವಿರಕ್ಕೆ 13ರಿಂದ 40ಕ್ಕೆ ಜಿಗಿಯಿತು. ಹೆರಿಗೆ ಕೋಣೆಯಲ್ಲಿ ಸಿಬ್ಬಂದಿ ಕೈ ತೊಳೆಯುವುದು ಹೆಚ್ಚಾಗಿತ್ತು, ಆದರೆ ನೋವು ತಿನ್ನುತ್ತಿದ್ದ ಬಸುರಿಯ ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಆಲಿಸುವುದು ಕಡಿಮೆಯಾಗಿತ್ತು. ಇದು ನಿಜಕ್ಕೂ ಕಳವಳ ಹುಟ್ಟಿಸುವ ವಿವರ.

ಭಾರತದ ಪಶ್ಚಿಮ ಭಾಗದ ನಾಲ್ಕು ಆಸ್ಪತ್ರೆಗಳಲ್ಲೂ ಹೆರಿಗೆಗೆ ದಾಖಲಾದವರ ಸಂಖ್ಯೆ ಶೇ 43ರಷ್ಟು ಇಳಿದಿತ್ತು. 2020ರ ಜುಲೈನಲ್ಲಿ ಬೆಂಗಳೂರಿನ ಗರ್ಭಿಣಿಯೊಬ್ಬರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಕೊನೆಗೆ ಆಟೋದಲ್ಲೇ ಹೆತ್ತರು, ಕೂಸು ಉಳಿಯಲಿಲ್ಲ. ಬಸ್ಸು ಓಡದ ಲಾಕ್‌ಡೌನಿನ ವಾರಗಳಲ್ಲಿ ಬಾಣಂತನಕ್ಕೆ ತವರಿಗೆ ಹೋಗುವುದೇ ದುಸ್ತರವಾಗಿತ್ತು.

ಹಾಗೆ ನೋಡಿದರೆ ಎಚ್ಚರಿಕೆ ಮೊದಲೇ ಸಿಕ್ಕಿತ್ತು. 2014–15ರ ಎಬೋಲಾ ಕಾಲದಲ್ಲಿ ಸಿಯೆರಾ ಲಿಯೋನ್‌ನ ತಾಯಂದಿರು ಆಸ್ಪತ್ರೆಯಿಂದ ದೂರ ಉಳಿದರು. ಆರೈಕೆ ತಪ್ಪಿದ್ದರಿಂದ ತಾಯಿ, ನವಜಾತ ಶಿಶು, ಗರ್ಭಸ್ಥ ಶಿಶುಗಳ ಸಾವು ಸೇರಿ ಕನಿಷ್ಠ 3600 ಹೆಚ್ಚಾಗಿರಬಹುದೆಂದು 2017ರ ಅಧ್ಯಯನವೊಂದು ಅಂದಾಜಿಸಿತ್ತು. ಎಬೋಲಾದಿಂದಲೇ ಅಲ್ಲಿ ಸತ್ತವರು ಸುಮಾರು 4000.

2021ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ 17 ದೇಶಗಳ 40 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆ ಬಂತು. ಅವಧಿಪೂರ್ವ ಹೆರಿಗೆ ಇಳಿದದ್ದು ಶ್ರೀಮಂತ ದೇಶಗಳಲ್ಲಿ ಮಾತ್ರ. ಮೃತಜನನ ಮತ್ತು ತಾಯಿ ಮರಣ ಒಟ್ಟಾರೆ ಏರಿದ್ದವು. 2023ರಲ್ಲಿ 26 ದೇಶಗಳ 5.2 ಕೋಟಿ ಹೆರಿಗೆಗಳನ್ನು ಪರಿಶೀಲಿಸಿದ ತಂಡವು ಮೊದಲ ಮೂರು ತಿಂಗಳಲ್ಲಿ ಅವಧಿಪೂರ್ವ ಹೆರಿಗೆ ಶೇ 3–4ರಷ್ಟು ತಗ್ಗಿತ್ತೆಂದೂ ನಾಲ್ಕನೆಯ ತಿಂಗಳಿಗೆ ಆ ಇಳಿಕೆ ಕಾಣಲಿಲ್ಲವೆಂದೂ ತಿಳಿಸಿತು. ಲಿಮೆರಿಕ್‌ನ ಶೇ 73ರ ಇಳಿಕೆಯ ಮುಂದೆ ಇದು ಅಲ್ಪವೆನಿಸಬಹುದು. ಆದರೂ ಮೊದಲ ತಿಂಗಳೊಂದರಲ್ಲೇ ಜಗತ್ತಿನಾದ್ಯಂತ ಸುಮಾರು 50,000 ಅವಧಿಪೂರ್ವ ಹೆರಿಗೆ ತಪ್ಪಿರಬಹುದೆಂಬ ಅವರ ಅಂದಾಜು ಸಣ್ಣದಲ್ಲ.

ಈ ಬೃಹತ್ ಲೆಕ್ಕಗಳು ನಿಂತಿರುವುದು ದಾಖಲಾದ ಹೆರಿಗೆಗಳ ಮೇಲೆ. ನೇಪಾಳದ ಆ ಒಂಬತ್ತು ಆಸ್ಪತ್ರೆಗಳಿಗೆ ಬಾರದೇ ಉಳಿದ ವಾರಕ್ಕೆ 600ಕ್ಕೂ ಹೆಚ್ಚು ತಾಯಂದಿರು ಎಲ್ಲಿ ಹೆತ್ತರು, ಅವರ ಕೂಸುಗಳು ಏನಾದವು ಎಂಬುದು ಆ ಆಸ್ಪತ್ರೆಗಳ ಯಾವ ಪುಟದಲ್ಲೂ ಇಲ್ಲ.