ಅಂಜನೆಯ ಮಗ ಯಾವ ಊರಿನವನು?

ಮುಂಬಯಿಯಿಂದ ನಾಸಿಕಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ, 2022ರ ಜೂನ್ ತಿಂಗಳಲ್ಲಿ, ನಮ್ಮ ಮನೆಯಲ್ಲಿ ಒಂದು ವ್ಯಾಜ್ಯ ಹುಟ್ಟಿಕೊಂಡಿತು. ಆರನೆಯ ತರಗತಿಯಲ್ಲಿದ್ದ ಮಗ ಕ್ವಾರ್ಟರ್ಸಿನ ಅಂಗಳದಿಂದ ಆಟ ಅರ್ಧಕ್ಕೆ ಬಿಟ್ಟು ಬಂದು, ಚಪ್ಪಲಿ ಕೂಡ ಕಳಚದೆ, "ಅಪ್ಪಾ, ಹನುಮಂತ ನಮ್ಮವನೋ ಇವರವನೋ?" ಎಂದು ಕೇಳಿದ. ಎದುರು ಮನೆಯ ಮರಾಠಿ ಹುಡುಗ, ನಾವು ಬಂದ ಎರಡೇ ತಿಂಗಳಲ್ಲಿ ಇವನಿಗೆ ಜೀವದ ಗೆಳೆಯನಾಗಿದ್ದವನು, "ಮಾರುತಿ ಹುಟ್ಟಿದ್ದು ನಮ್ಮ ಅಂಜನೇರಿಯಲ್ಲಿ; ನಿಮ್ಮ ಕರ್ನಾಟಕದವರು ಸುಮ್ಮನೆ ತಮ್ಮವನೆನ್ನುತ್ತಾರೆ" ಎಂದಿದ್ದನಂತೆ.

ಹುಡುಗರ ಬಾಯಿಗೆ ಆ ಮಾತು ಬರಲು ಕಾರಣವಿತ್ತು. ಅದೇ ವರ್ಷ ಮೇ 31ರಂದು ನಾಸಿಕದಲ್ಲಿ ಹನುಮಂತನ ಜನ್ಮಸ್ಥಳವನ್ನು ತೀರ್ಮಾನಿಸಲೆಂದೇ ಸಾಧುಸಂತರ ಧರ್ಮಸಭೆ ಕೂಡಿತ್ತು. ಯಾರು ಎಲ್ಲಿ ಕೂಡಬೇಕೆಂಬಲ್ಲಿಂದ ಮಾತಿಗೆ ಮಾತು ಬೆಳೆದು, ಮೈಕು ಎತ್ತಿ ಹಿಡಿಯುವ ತನಕ ಹೋಗಿ, ಸಭೆ ತೀರ್ಮಾನವಿಲ್ಲದೆ ಮುಗಿಯಿತು. ಹಿರಿಯರ ಜಗಳ ಪತ್ರಿಕೆಗಳಲ್ಲಿ ಬಂತು, ಅಲ್ಲಿಂದ ಅಂಗಳಕ್ಕಿಳಿಯಿತು.

ನಮ್ಮ ಹುಟ್ಟೂರು ಗಂಗಾವತಿ ತಾಲೂಕಿನಲ್ಲಿದೆ. ಆನೆಗೊಂದಿಯ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ತಾಯಿಯ ಸೆರಗು ಹಿಡಿದು ಹತ್ತಿದವರು ನಾವು. ಹಿಂದುಮುಂದು ನೋಡದೆ, "ಅವನು ನಮ್ಮವನೇ, ಹೋಗಿ ಹೇಳು" ಎಂದುಬಿಟ್ಟೆವು. ಮಗ ಹೋಗಿ ಹೇಳಿದ. ಹೇಳುವಾಗ ಒಂದೆರಡು ಮಾತು ತನ್ನವೂ ಸೇರಿಸಿದನೆಂದು ಕಾಣುತ್ತದೆ. ಮರುದಿನದಿಂದ ಎದುರು ಮನೆಯ ಹುಡುಗ ನಮ್ಮ ಮನೆಗೆ ಬರುವುದು ನಿಂತಿತು.

ವಿಜ್ಞಾನದ ಪದವಿ ಪಡೆದು, ದಿನವಿಡೀ ಕಡತಗಳ ಮೇಲೆ 'ಆಧಾರ ಲಗತ್ತಿಸಿ' ಎಂದು ಟಿಪ್ಪಣಿ ಬರೆಯುವ ನಾವು, ಆಧಾರವೇ ಇಲ್ಲದೆ ತೀರ್ಪು ಕೊಟ್ಟಿದ್ದೆವು. ಆ ನಾಚಿಕೆಯಿಂದ ಓದಲು ತೊಡಗಿದೆವು. ಓದಿ ತಿಳಿದದ್ದನ್ನು ನಮ್ಮಂತೆಯೇ ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ವಾಚಕರ ಮುಂದಿಡುತ್ತಿದ್ದೇವೆ.

ಚಿತ್ರಕಥೆಯ ವೀರ

ಮಗನಿಗೆ ಹನುಮಂತನ ಪರಿಚಯವಾದದ್ದು ಪುರಾಣದಿಂದಲ್ಲ, ಚಿತ್ರಕಥೆಯಿಂದ. ನಮಗೂ ಹಾಗೆಯೇ. 'ಅಮರ ಚಿತ್ರ ಕಥೆ'ಯನ್ನು ದೇಶದ ಮನೆಮನೆಗೆ ಮುಟ್ಟಿಸಿದ ಅನಂತ ಪೈ ಅವರು (1929-2011) ನಮ್ಮ ಕಾರ್ಕಳದವರು. ಬಾಳಿ ಬದುಕಿದ್ದು ಮುಂಬಯಿಯಲ್ಲಿ. ಅದಕ್ಕೂ ಮೊದಲು, 1965ರಲ್ಲಿ, ಆ ಹೆಸರಿನ ಮಾಲೆ ವಿದೇಶಿ ಕಥೆಗಳೊಂದಿಗೆ ಆರಂಭವಾದದ್ದು ಬೆಂಗಳೂರಿನಲ್ಲಿ, ಕನ್ನಡದಲ್ಲಿ ಎಂಬುದನ್ನು ನಮ್ಮವರೇ ಅನೇಕರು ಅರಿಯರು.

ಅಮೆರಿಕದ ಸೂಪರ್‌ಮ್ಯಾನ್ ಕಾಗದದ ಮೇಲೆ ಹುಟ್ಟಿದ್ದು 1938ರಲ್ಲಿ. ಅವನೂ ಹಾರುತ್ತಾನೆ, ಬೆಟ್ಟ ಎತ್ತುತ್ತಾನೆ. ಆದರೆ ಅವನು ಸಭ್ಯ. ನಮ್ಮ ಹನುಮಂತ ಹುಟ್ಟಾ ಪೋಕರಿ. ಅವನ ಪೂರ್ವಕಥೆಯನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುವುದು ಅದಕ್ಕೇ.

ಆ ಪೂರ್ವಕಥೆ ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ. ಯುದ್ಧವೆಲ್ಲ ಮುಗಿದ ಮೇಲೆ ರಾಮನು ಅಗಸ್ತ್ಯರನ್ನು ಕೇಳುತ್ತಾನೆ: ಇಷ್ಟು ಬಲವುಳ್ಳ ಹನುಮಂತನು, ವಾಲಿ ಸುಗ್ರೀವನನ್ನು ಓಡಿಸಿದಾಗ ಏಕೆ ಸುಮ್ಮನಿದ್ದ? ನ್ಯಾಯವಾದ ಪ್ರಶ್ನೆ. ಅಗಸ್ತ್ಯರ ಉತ್ತರವೇ ಹನುಮಂತನ ಬಾಲ್ಯ.

ತಾಯಿ ಹಣ್ಣು ತರಲು ಹೋಗಿದ್ದಾಗ ಹಸಿದ ಕೂಸು, ಮೂಡುತ್ತಿದ್ದ ಸೂರ್ಯನನ್ನು ಹಣ್ಣೆಂದು ಬಗೆದು ಹಾರಿತು. ಅಂದು ಗ್ರಹಣದ ದಿನ. ತನ್ನ ಪಾಲಿಗೆ ಬಂದ ರಾಹುವನ್ನು ಕಂಡು ಕೂಸು ಸೂರ್ಯನನ್ನು ಬಿಟ್ಟು ಅವನ ಬೆನ್ನು ಹತ್ತಿತು. ರಾಹು ಇಂದ್ರನಿಗೆ ದೂರು ಕೊಟ್ಟ. ಇಂದ್ರ ಐರಾವತವೇರಿ ಬಂದರೆ, ಆ ಬಿಳಿಯ ಆನೆಯೂ ಕೂಸಿನ ಕಣ್ಣಿಗೆ ಹಣ್ಣೇ! ಇಂದ್ರ ವಜ್ರಾಯುಧದಿಂದ ಹೊಡೆದ, ಎಡ ದವಡೆ, ಅಂದರೆ 'ಹನು', ಮುರಿಯಿತು, ಹೆಸರು ಬಂತು. ಮಗನನ್ನು ಎತ್ತಿಕೊಂಡು ವಾಯುದೇವ ಗುಹೆ ಸೇರಿದಾಗ ಮೂರು ಲೋಕದ ಉಸಿರೂ ಕಟ್ಟಿತು. ಬ್ರಹ್ಮನೇ ಬಂದು ಕೂಸನ್ನು ಬದುಕಿಸಿದ. ದೇವತೆಗಳು ಸಾಲುಗಟ್ಟಿ ವರ ಕೊಟ್ಟರು. ಸೂರ್ಯನಂತೂ ತನ್ನ ತೇಜಸ್ಸಿನ ನೂರರಲ್ಲೊಂದು ಪಾಲು ಕೊಟ್ಟು, ಮುಂದೆ ವಿದ್ಯೆ ಕಲಿಸುವ ಮಾತನ್ನೂ ಕೊಟ್ಟ. ತನ್ನನ್ನು ತಿನ್ನಲು ಬಂದವನಿಗೇ ಗುರುವಾದ.

ವರ ಬಂದ ಮೇಲೆ ಕೇಳಬೇಕೆ? ಆಶ್ರಮಗಳಿಗೆ ನುಗ್ಗಿ ಯಜ್ಞದ ಸ್ರುಕ್ಕುಗಳನ್ನು ಮುರಿದ, ಅಗ್ನಿಹೋತ್ರದ ಪಾತ್ರೆ ಒಡೆದ, ನಾರುಬಟ್ಟೆ ಹರಿದು ಚೆಲ್ಲಾಡಿದ. ಅಪ್ಪಂದಿರು, ಕೇಸರಿಯೂ ವಾಯುವೂ, ಇಬ್ಬರೂ ಗದರಿಸಿದರು, ಕೇಳಲಿಲ್ಲ. ಕೊನೆಗೆ ಋಷಿಗಳು ಶಾಪವಿತ್ತರು: ನಿನ್ನ ಬಲ ನಿನಗೇ ಮರೆತುಹೋಗಲಿ, ಯಾರಾದರೂ ನೆನಪಿಸಿದಾಗ ಮಾತ್ರ ಬೆಳೆಯಲಿ. ಆದ್ದರಿಂದಲೇ ವಾಲಿಯ ಕಾಲದಲ್ಲಿ ಅವನು ಸುಮ್ಮನಿದ್ದ. ಕಡಲ ದಡದಲ್ಲಿ ಮುದುಕ ಜಾಂಬವಂತ ನೆನಪಿಸಿದಾಗ ಎದ್ದು ನಿಂತ.

ನಂಟರು, ಗೆಳೆಯರು

ಬೆಳೆದು ದೊಡ್ಡವನಾದ ಮೇಲೂ ತುಂಟತನ ಪೂರ್ತಿ ಬಿಡಲಿಲ್ಲ. ಲಂಕೆಯಲ್ಲಿ ಮಲಗಿದ್ದ ಮಂಡೋದರಿಯನ್ನು ಸೀತೆಯೆಂದು ತಪ್ಪಾಗಿ ತಿಳಿದ ಒಂದು ಕ್ಷಣ, ಸಂತೋಷ ತಡೆಯಲಾರದೆ ತನ್ನ ಬಾಲಕ್ಕೇ ಮುತ್ತಿಟ್ಟು, ಕಂಬ ಹತ್ತಿ ಇಳಿದು ಕುಣಿದನೆಂದು ವಾಲ್ಮೀಕಿ ಬರೆಯುತ್ತಾನೆ. ಸೀತೆಯನ್ನು ಕಂಡು ಮರಳುವಾಗ ಕಪಿಗಳ ದಂಡೆಲ್ಲ ಸುಗ್ರೀವನ ಮಧುವನಕ್ಕೆ ನುಗ್ಗಿ ಜೇನು ಕುಡಿದು, ಕಾವಲಿದ್ದ ದಧಿಮುಖನನ್ನು ಹೊಡೆದಟ್ಟಿತು. ಆತ ಸುಗ್ರೀವನ ಸೋದರಮಾವ. ದೂರು ಕೇಳಿದ ಸುಗ್ರೀವ ಸಿಟ್ಟಾಗುವ ಬದಲು ಹಿಗ್ಗಿದ. ಕೆಲಸ ಗೆದ್ದು ಬಾರದಿದ್ದರೆ ಇವರಿಗೆ ಇಷ್ಟು ಧೈರ್ಯ ಬರುತ್ತಿತ್ತೇ ಎಂದ. ಒಡೆಯನೂ ಗೆಳೆಯನೂ ಆದ ಸುಗ್ರೀವ ಇವರನ್ನು ಅಷ್ಟು ಬಲ್ಲವನಾಗಿದ್ದ.

ರಾಮನೊಡನೆ ನಂಟು ಬೆಳೆದದ್ದು ಬಲದಿಂದಲ್ಲ, ಮಾತಿನಿಂದ. ಭಿಕ್ಷುವಿನ ವೇಷದಲ್ಲಿ ಎದುರು ಬಂದವನ ಎರಡು ಮಾತು ಕೇಳಿ, ಈತ ವೇದ ಓದಿದವನು, ವ್ಯಾಕರಣ ಬಲ್ಲವನು, ಒಂದು ಅಪಶಬ್ದವೂ ಇಲ್ಲ ಎಂದು ರಾಮ ತಮ್ಮನೆದುರು ಹೊಗಳುತ್ತಾನೆ. ಮಹಾಭಾರತದಲ್ಲಿ ಭೀಮನಿಗೆ ಇವನು ಅಣ್ಣ. ಇಬ್ಬರೂ ವಾಯುವಿನ ಮಕ್ಕಳು. ದಾರಿಗಡ್ಡ ಬಾಲ ಚಾಚಿ ಮಲಗಿ ತಮ್ಮನ ಸೊಕ್ಕನ್ನು ಇಳಿಸಿದ ಕಥೆ ಎಲ್ಲರೂ ಬಲ್ಲದ್ದೇ. ಮಾಧ್ವ ಸಂಪ್ರದಾಯ ಹನುಮ, ಭೀಮ, ಮಧ್ವರನ್ನು ಒಬ್ಬನೇ ಮುಖ್ಯಪ್ರಾಣನ ಮೂರು ಅವತಾರವೆಂದು ನಂಬಿದೆ.

ನಮ್ಮ ನಾಗಚಂದ್ರ ಬರೆದ ಪಂಪರಾಮಾಯಣದಂಥ ಜೈನ ರಾಮಾಯಣಗಳಲ್ಲಿ ಅವನಿಗೆ ಬಾಲವೇ ಇಲ್ಲ. ಅಲ್ಲಿ ಅವನು ವಿದ್ಯಾಧರ, ಪವನಂಜಯ ಮತ್ತು ಅಂಜನೆಯರ ಮಗ. ಕಪಿ ಎಂಬುದು ಅವನ ಕುಲದ ಧ್ವಜದ ಗುರುತು ಮಾತ್ರ. ಅಂದರೆ ಕನ್ನಡದೊಳಗೇ ಹನುಮಂತ ಒಬ್ಬನಲ್ಲ.

ಎರಡು ಬೆಟ್ಟಗಳು

ಹುಟ್ಟಿದ ಊರಿಗೆ ಬರೋಣ. ಅಂಜನಾದ್ರಿ ಆನೆಗೊಂದಿಯ ಬಳಿ, ತುಂಗಭದ್ರೆಯ ದಡದಲ್ಲಿ, ಹಂಪೆಗೆ ಎದುರಾಗಿದೆ. ಅಂಜನೇರಿ ನಾಸಿಕದಿಂದ ತ್ರ್ಯಂಬಕಕ್ಕೆ ಹೋಗುವ ದಾರಿಯಲ್ಲಿ ಸುಮಾರು 20 ಕಿಲೋಮೀಟರು ದೂರದಲ್ಲಿದೆ. ಇವೆರಡೇ ಅಲ್ಲ: 2021ರಲ್ಲಿ ತಿರುಪತಿಯವರು ತಿರುಮಲೆಯ ಅಂಜನಾದ್ರಿಯೇ ಜನ್ಮಸ್ಥಳವೆಂದು ಸಾರಿದರು; ಝಾರ್ಖಂಡದಲ್ಲಿ ಆಂಜನ್ ಎಂಬ ಹಳ್ಳಿಯಿದೆ; ಗೋಕರ್ಣದ ವಾದವೂ ಇದೆ.

ವಾಲ್ಮೀಕಿ ಏನೆನ್ನುತ್ತಾನೆ? ಉತ್ತರಕಾಂಡದಲ್ಲಿ ಕೇಸರಿಯ ರಾಜ್ಯ ಸುಮೇರುವಿನಲ್ಲಿದೆ. ಸುಂದರಕಾಂಡದಲ್ಲಿ ಹನುಮಂತನೇ ಸೀತೆಗೆ ಪರಿಚಯ ಹೇಳಿಕೊಳ್ಳುವಾಗ, ತಂದೆ ಮಾಲ್ಯವಂತ ಪರ್ವತದಿಂದ ಗೋಕರ್ಣಕ್ಕೆ ಹೋದವನೆನ್ನುತ್ತಾನೆ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಅರ್ಜಿದಾರನ ಜನ್ಮಸ್ಥಳದ ಅಂಕಣ ಒಂದೊಂದು ಕಾಗದದಲ್ಲಿ ಒಂದೊಂದು ಬಗೆಯಾಗಿದೆ. ಹುಟ್ಟುಹಬ್ಬವೂ ಅಷ್ಟೆ: ಮಹಾರಾಷ್ಟ್ರದಲ್ಲಿ ಚೈತ್ರ ಹುಣ್ಣಿಮೆ, ಆಂಧ್ರದ ಕಡೆ ವೈಶಾಖ ಬಹುಳ ದಶಮಿ, ಕರ್ನಾಟಕದಲ್ಲಿ ಮಾರ್ಗಶಿರದ ಹನುಮದ್ವ್ರತ ಬೇರೆ.

ಆದರೆ ಒಂದು ಸಂಗತಿಯಲ್ಲಿ ನಂಬಿಕೆಗಳು ಒಂದಾಗುತ್ತವೆ. ಸೀತೆಯನ್ನು ರಾಮ ಕಳೆದುಕೊಂಡದ್ದು ಪಂಚವಟಿಯಲ್ಲಿ. ಶೂರ್ಪನಖಿಯ ಮೂಗು ಹೋದದ್ದರಿಂದಲೇ ಊರಿಗೆ ನಾಸಿಕವೆಂಬ ಹೆಸರು ಬಂತೆಂದು ಇಲ್ಲಿನವರು ಹೇಳುತ್ತಾರೆ. ಹುಡುಕಿಕೊಡುವವನು ಸಿಕ್ಕಿದ್ದು ಪಂಪೆಯ ದಡದ ಋಷ್ಯಮೂಕದಲ್ಲಿ. ಗೋದಾವರಿಯ ದುಃಖಕ್ಕೆ ತುಂಗಭದ್ರೆ ನೆರವಾದ ಕಥೆಯಿದು. ಒಂದು ದಡವನ್ನು ಬಿಟ್ಟರೆ ಕಥೆಯೇ ನಡೆಯದು.

ಅಂಜನೇರಿಯಲ್ಲಿ ದೊರೆತ ಭೋಗಶಕ್ತಿಯೆಂಬ ಅರಸನ ತಾಮ್ರಶಾಸನಗಳು ಎಂಟನೆಯ ಶತಮಾನದ ಆದಿಯವು. ಅವನು ನಮ್ಮ ಬಾದಾಮಿ ಚಾಲುಕ್ಯರ ಸಾಮಂತ. ಬೆಟ್ಟದ ಬುಡದ ಪಾಳು ಗುಡಿಗಳಲ್ಲೊಂದು ಜೈನ ಬಸದಿ; ಅದಕ್ಕೆ ದತ್ತಿ ಬಿಟ್ಟ 12ನೆಯ ಶತಮಾನದ ಶಾಸನ ಸೇವುಣ ವಂಶದ್ದು. ಕನ್ನಡದಲ್ಲೂ ಶಾಸನ ಬರೆಸಿದ ವಂಶವದು. ಇದನ್ನು ತೋರಿಸಿ ಅಂಜನೇರಿಯೂ ನಮ್ಮದೇ ಎಂದು ವಾದಿಸುವ ಆಸೆ ಒಂದು ಕ್ಷಣ ಬಂದದ್ದು ನಿಜ. ಆದರೆ ಸಾಮಂತರಿಗೂ ಶಾಸನಗಳಿಗೂ ಗೊತ್ತಿಲ್ಲದ ಗಡಿಯೊಂದನ್ನು ನಾವು 1956ರ ನಂತರ ಎಳೆದುಕೊಂಡು, ಹಿಂದಕ್ಕೆ ತಳ್ಳುವುದು ಸರಿಯಲ್ಲ.

ಭಕ್ತಿಯನ್ನು ಬೆಳೆಸಿದವರೂ ಎರಡು ಕಡೆ ಇದ್ದಾರೆ. ವಿಜಯನಗರದ ವ್ಯಾಸರಾಯರು (1460-1539) 732 ಹನುಮಂತನ ಮೂರ್ತಿಗಳನ್ನು ಸ್ಥಾಪಿಸಿದರೆಂದು ಪ್ರತೀತಿ. ಹಂಪೆಯ ಯಂತ್ರೋದ್ಧಾರಕ ಪ್ರಾಣದೇವರು ಅವರದೇ ಪ್ರತಿಷ್ಠೆ. ಶತಮಾನ ಕಳೆದು, ಇಂದಿನ ಜಾಲನಾ ಜಿಲ್ಲೆಯ ಜಾಂಬದಲ್ಲಿ ಹುಟ್ಟಿದ ಸಮರ್ಥ ರಾಮದಾಸರು (1608-1681) ನಾಸಿಕದ ಬಳಿಯ ಟಾಕಳಿಯಲ್ಲಿ ಹನ್ನೆರಡು ವರ್ಷ ತಪಸ್ಸು ಮಾಡಿದರು. ಅಲ್ಲಿನ ಸೆಗಣಿಯ ಮಾರುತಿ ಅವರ ಕೈಯದೆಂದು ನಂಬಿಕೆ. ಮುಂದೆ ಕೃಷ್ಣೆಯ ಸೀಮೆಯಲ್ಲಿ ಹನ್ನೊಂದು ಮಾರುತಿಗಳನ್ನು ನಿಲ್ಲಿಸಿದರು. ನಮ್ಮ ಹಳ್ಳಿಯ ಅಗಸೆಬಾಗಿಲ ಹನುಮಪ್ಪನೂ ಇವರ ಹಳ್ಳಿಯ ಮಾರುತಿಯೂ ಮಾಡುವ ಕಾವಲು ಒಂದೇ.

ಎಲ್ಲೋರದ ಗೋಡೆ

ಇಷ್ಟು ಓದಿಕೊಂಡು ಒಂದು ಭಾನುವಾರ ನಾವೇ ಎದುರು ಮನೆಗೆ ಹೋದೆವು. ಮಗನಿಗೆ ಆಧಾರವಿಲ್ಲದ ಮಾತು ಕಲಿಸಿ ಕಳಿಸಿದ್ದು ನಮ್ಮ ತಪ್ಪೆಂದು ಹೇಳಿದೆವು. ಮನೆಯ ಯಜಮಾನರು ನಕ್ಕು, ತಮ್ಮ ಮಗನಿಗೂ ಕಲಿಸಿದ್ದು ತಾವೇ ಎಂದು ಒಪ್ಪಿಕೊಂಡರು. ದೀಪಾವಳಿಯ ರಜೆಯಲ್ಲಿ ಎರಡೂ ಮನೆಯವರು ಕೂಡಿ ಅಂಜನೇರಿ ಹತ್ತಿದೆವು. ಮೇಲೆ ಅಂಜನಿಮಾತೆಯ ಗುಡಿಯಿದೆ. ಹತ್ತಲಾರದ ನಮ್ಮ ತಾಯಿಯೂ ಅವರ ಅಜ್ಜಿಯೂ ಕೆಳಗೇ ಕುಳಿತರು. ನಾವು ಇಳಿದು ಬಂದಾಗ ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲಿ ಸೊಂಟನೋವಿನ ವಿಷಯ ಮಾತಾಡುತ್ತಿದ್ದರು. "ಏನು ತಿಳೀತವ್ವಾ ನಿನಗ?" ಎಂದು ಕೇಳಿದರೆ, "ನೋವಿನ ಮಾತು ತಿಳಿಯಾಕ ಸಾಲಿ ಕಲೀಬೇಕೇನು?" ಎಂದರು.

ಮರುವರ್ಷ ಔರಂಗಾಬಾದಿಗೆ ಹೋದೆವು. ಛತ್ರಪತಿ ಸಂಭಾಜಿನಗರವೆಂಬ ಹೆಸರು ಬಂದದ್ದು ಆ ವರ್ಷವೇ, 2023ರಲ್ಲಿ. ದೇವಗಿರಿಯ ಕೋಟೆ ದಾಟಿ, ಖುಲ್ದಾಬಾದಿನ ಭದ್ರಾ ಮಾರುತಿಯನ್ನು ಕಂಡೆವು. ಇಲ್ಲಿ ಹನುಮಂತ ನಿಂತಿಲ್ಲ, ಗದೆ ಎತ್ತಿಲ್ಲ, ಮಲಗಿದ್ದಾನೆ. ಭದ್ರಸೇನನೆಂಬ ರಾಜನ ಭಜನೆ ಕೇಳುತ್ತ ಮೈಮರೆತು ಮಲಗಿದನಂತೆ. ಜೀವಮಾನವೆಲ್ಲ ಜಿಗಿದವನಿಗೆ ಇಲ್ಲೊಂದು ಕಡೆ ವಿಶ್ರಾಂತಿ ಸಿಕ್ಕಿತು ಎಂದು ಹುಡುಗರು ಖುಷಿಪಟ್ಟರು.

ಅಲ್ಲಿಂದ ಎಲ್ಲೋರ ಹತ್ತಿರವೇ. 16ನೆಯ ಗುಹೆಯಾದ ಕೈಲಾಸ ದೇವಾಲಯವನ್ನು ಬೆಟ್ಟದ ಮೇಲಿನಿಂದ ಕೆಳಕ್ಕೆ ಕಡೆಸಿದ ಕೀರ್ತಿ ರಾಷ್ಟ್ರಕೂಟರ ಒಂದನೆಯ ಕೃಷ್ಣನದು (ಆಳ್ವಿಕೆ 756-773). ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಂಡವರಿಗೆ ಇದರ ಹೊಂದಿಕೆ ಪರಿಚಿತವೆನಿಸುತ್ತದೆ. ಮುಂದೆ ಇದೇ ವಂಶದ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯ ತನಕ ಎಂದು ಗುರುತಿಸಿತು.

ಮಂಟಪದ ದಕ್ಷಿಣದ ಗೋಡೆಯ ಮೇಲೆ ಒಂದರ ಕೆಳಗೊಂದು ಪಟ್ಟಿಗಳಲ್ಲಿ ಇಡೀ ರಾಮಾಯಣವಿದೆ. ಉತ್ತರದ ಗೋಡೆಯಲ್ಲಿ ಮಹಾಭಾರತ. ಪುಟ ತಿರುಗಿಸುವಂತಿಲ್ಲ, ಮಾತಿನ ಗುಳ್ಳೆಗಳಿಲ್ಲ. ಉಳಿದಂತೆ ಇದು ಚಿತ್ರಕಥೆಯೇ. ಕಲ್ಲು ಹೊತ್ತು ಸೇತುವೆ ಕಟ್ಟುವ ಕಪಿಗಳನ್ನು ಇಬ್ಬರೂ ಹುಡುಗರು ಬೆರಳಿಟ್ಟು ಎಣಿಸಿದರು. ಇದರಲ್ಲಿ ಹನುಮಂತ ಯಾವನೆಂಬ ಬಗ್ಗೆ ಹೊಸ ಜಗಳ ಶುರುವಾಯಿತು. ಒಬ್ಬ ಮರಾಠಿಯಲ್ಲಿ, ಒಬ್ಬ ಕನ್ನಡ ಬೆರೆಸಿದ ಮರಾಠಿಯಲ್ಲಿ. ಈ ಸಲ ನಾವು ಹಿರಿಯರು ತೀರ್ಪು ಕೊಡಲಿಲ್ಲ.

ಈಗ ನಾವು ಮತ್ತೆ ಮುಂಬಯಿಗೆ ವರ್ಗವಾಗಿ ಬಂದಿದ್ದೇವೆ. ಹುಡುಗರು ಫೋನಿನಲ್ಲಿ ಮಾತಾಡಿಕೊಳ್ಳುತ್ತಾರೆ. ಅಂಜನೇರಿಯೋ ಅಂಜನಾದ್ರಿಯೋ ಎಂಬುದು ಇತ್ಯರ್ಥವಾಗಿಲ್ಲ. ಮುಂದಿನ ಬೇಸಿಗೆಗೆ ಎದುರು ಮನೆಯವರನ್ನು ಗಂಗಾವತಿಗೆ ಕರೆದಿದ್ದೇವೆ. 575 ಮೆಟ್ಟಿಲು ಹತ್ತಿದ ಮೇಲೆ ವಾದ ಮುಂದುವರಿಸುವುದೆಂದು ಎರಡೂ ಪಕ್ಷದವರು ಒಪ್ಪಿದ್ದಾರೆ. ವಾಚಕರಲ್ಲಿ ನಮ್ಮ ಅರಿಕೆಯಿಷ್ಟೇ: ಎಲ್ಲೋರಕ್ಕೆ ಹೋದರೆ ಮಕ್ಕಳನ್ನು ಆ ದಕ್ಷಿಣದ ಗೋಡೆಯ ಮುಂದೆ ಅರ್ಧ ಗಂಟೆ ನಿಲ್ಲಿಸಿರಿ, ಸಾಧ್ಯವಾದರೆ ನೆರೆಮನೆಯ ಮಕ್ಕಳನ್ನೂ ಕರೆದೊಯ್ಯಿರಿ.