ಜಗಲಿಯ ಪಂಜರ: ಕಾಫಿ ಮಲೆನಾಡಿನಲ್ಲಿ ಗಿಳಿ ಸಾಕಣೆಯ ಚರಿತ್ರೆ ಮತ್ತು ಜನಪದ ನೆಲೆ

ಮನುಷ್ಯನು ಪ್ರಾಣಿಪಕ್ಷಿಗಳೊಡನೆ ಬೆಳೆಸಿಕೊಂಡ ಸಂಬಂಧವನ್ನು ಜಾನಪದ ಅಧ್ಯಯನವು ಬಹುಮಟ್ಟಿಗೆ ಬೇಟೆ, ಬೇಸಾಯ, ಪಶುಪಾಲನೆ ಹಾಗೂ ಆರಾಧನೆಗಳ ಚೌಕಟ್ಟಿನಲ್ಲಿ ನೋಡುತ್ತ ಬಂದಿದೆ. ಹಸು, ಎತ್ತು, ನಾಯಿ, ಕೋಳಿಗಳಿಗೆ ಮನೆಯ ಬದುಕಿನಲ್ಲಿ ಒಂದೊಂದು ಕೆಲಸವಿತ್ತು. ಗಿಳಿಗೆ ಅಂಥ ಯಾವ ಕೆಲಸವೂ ಇರಲಿಲ್ಲ. ಅದು ಹಾಲು ಕೊಡುವುದಿಲ್ಲ, ಗದ್ದೆ ಉಳುವುದಿಲ್ಲ, ಮನೆ ಕಾಯುವುದಿಲ್ಲ. ಆದರೂ ಅದಕ್ಕೆ ಜಗಲಿಯಲ್ಲಿ ಜಾಗವೂ, ಮನೆಮಂದಿಯ ಬಾಯಲ್ಲಿ ಹೆಸರೂ ದೊರೆತವು. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಮಲೆನಾಡನ್ನು ಕೇಂದ್ರವಾಗಿಟ್ಟುಕೊಂಡು ಈ ಸಾಕಣೆಯ ಚರಿತ್ರೆಯನ್ನೂ, ಅದು ಕನ್ನಡದ ನುಡಿಯಲ್ಲಿ ಉಳಿಸಿಹೋದ ಕುರುಹುಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಲೆಯ ಗಿಳಿ, ಬಯಲಿನ ಗಿಳಿ

ಗಿಳಿ ಎಂಬ ಒಂದೇ ಹೆಸರಿನಡಿ ಈ ಭಾಗದಲ್ಲಿ ಹಲವು ಬಗೆಯ ಹಕ್ಕಿಗಳಿವೆ. ನೀಲಿ ರೆಕ್ಕೆಯ ಗಿಳಿ ಪಶ್ಚಿಮಘಟ್ಟಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ನೆಲೆಸಿಲ್ಲ. ಗಂಡಿಗೆ ಕೆನ್ನೀಲಿ ಬೆರೆತ ಕೆಂಪು ತಲೆಯಿರುವ ಇನ್ನೊಂದು ಬಗೆ ಕಾಡಂಚಿನಲ್ಲೂ ಗದ್ದೆಬಯಲಲ್ಲೂ ಕಾಣುತ್ತದೆ. ಗುಬ್ಬಿಯಷ್ಟೇ ಗಾತ್ರದ, ತಲೆಕೆಳಗಾಗಿ ನೇತುಬಿದ್ದು ನಿದ್ರಿಸುವ ಪುಟ್ಟ ಗಿಳಿಯೂ ಇಲ್ಲಿನದೇ. ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿಯಿರುವ ಗಿಳಿಯಾದರೋ ಮುಖ್ಯವಾಗಿ ಬಯಲಿನ ಹಕ್ಕಿ. ಇದೇ ಜಿಲ್ಲೆಯ ಕಡೂರಿನಂಥ ಬಯಲುಸೀಮೆ ಅದರ ನೆಲೆ. ಇವುಗಳಲ್ಲಿ ಮನುಷ್ಯರ ಮಾತನ್ನು ಚೆನ್ನಾಗಿ ಅನುಕರಿಸುವುದು ಈ ಬಯಲಿನ ಗಿಳಿಯೇ. ಆದುದರಿಂದ ಮಲೆನಾಡಿನ ಜಗಲಿಯಲ್ಲಿ ಮಾತನಾಡುತ್ತಿದ್ದ ಗಿಳಿ ಅನೇಕ ವೇಳೆ ಘಟ್ಟದ ಕಾಡಿನದಾಗಿರದೆ, ಹೊರಗಿನಿಂದ ಕೈ ಬದಲಾಗಿ ಬಂದ ಹಕ್ಕಿಯಾಗಿದ್ದಿರಬೇಕು ಎಂದು ಊಹಿಸಲು ಅವಕಾಶವಿದೆ.

ಕಾಫಿಯ ಚರಿತ್ರೆಗೂ ಗಿಳಿಗೂ ನಂಟಿದೆ. ಬಾಬಾಬುಡನ್‌ಗಿರಿಯ ಐತಿಹ್ಯದಿಂದ ಆರಂಭವಾಗುವ ಇಲ್ಲಿನ ಕಾಫಿ 19ನೆಯ ಶತಮಾನದಲ್ಲಿ ದೊಡ್ಡ ತೋಟಗಳ ಬೆಳೆಯಾಯಿತು. ಕಾಫಿ ಗಿಡಕ್ಕೆ ನೆರಳು ಬೇಕಾದ ಕಾರಣ ಅತ್ತಿ, ಬಸರಿ, ಹಲಸಿನಂಥ ಮರಗಳು ತೋಟದೊಳಗೆ ಉಳಿದವು. ಹಾಲುವಾಣವನ್ನು ನೆಟ್ಟು ಬೆಳೆಸಲಾಯಿತು. ಹಾಲುವಾಣದ ಕೆಂಪು ಹೂವಿನ ಮಕರಂದ, ಅತ್ತಿಯ ಹಣ್ಣು ಗಿಳಿಗಳಿಗೆ ಆಹಾರ. ಮರಕುಟಿಕ ಮೊದಲಾದ ಹಕ್ಕಿಗಳು ಕೊರೆದು ಬಿಟ್ಟ ಹಳೆಯ ಪೊಟರೆಗಳೇ ಅವುಗಳ ಗೂಡು. ಹೀಗೆ ತೋಟವು ಕಾಡಿನ ಹಕ್ಕಿಯನ್ನು ಮನೆಯ ಅಂಗಳದವರೆಗೆ ತಂದಿತು. ಮುಂದೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಹಲವು ತೋಟಗಳಲ್ಲಿ ಹಳೆಯ ಕಾಡುಮರಗಳ ಜಾಗವನ್ನು ಆಕ್ರಮಿಸಿತು. ನೇರವಾಗಿ ಬೆಳೆಯುವ ಆ ಮರ ಮೆಣಸಿನ ಬಳ್ಳಿಗೂ ಮರಮುಟ್ಟಿಗೂ ಅನುಕೂಲವಾದುದು. ಆದರೆ ಹಳೆಯ ಮರ ನೀಡುತ್ತಿದ್ದ ಹಣ್ಣನ್ನೂ ಪೊಟರೆಯನ್ನೂ ಅದು ನೀಡಲಾರದು.

ಚರಿತ್ರೆಯ ಕುರುಹುಗಳು

ಭಾರತದ ಗಿಳಿ ಮಾತನಾಡುತ್ತದೆಂಬ ಸುದ್ದಿ ಬಹು ಹಿಂದೆಯೇ ಹೊರದೇಶಗಳನ್ನು ಮುಟ್ಟಿತ್ತು. ಕ್ರಿಸ್ತಪೂರ್ವ 400ರ ಆಸುಪಾಸಿನಲ್ಲಿ ಪರ್ಷಿಯಾದ ಆಸ್ಥಾನದಲ್ಲಿ ವೈದ್ಯನಾಗಿದ್ದ ಗ್ರೀಕ್ ಲೇಖಕ ಕ್ಟೀಸಿಯಸ್, ಕೆಂಪು ಮುಖವುಳ್ಳ, ಭಾರತೀಯರ ಭಾಷೆಯನ್ನಾಡುವ ಹಕ್ಕಿಯೊಂದನ್ನು ವರ್ಣಿಸಿದ್ದಾನೆ. ಅದು ಮೇಲೆ ಹೇಳಿದ ಕೆಂಪು ತಲೆಯ ಗಿಳಿಯೇ ಇರಬೇಕೆಂದು ವಿದ್ವಾಂಸರು ಗುರುತಿಸಿದ್ದಾರೆ.

ಈ ಪ್ರದೇಶಕ್ಕೆ ಹತ್ತಿರದ ಎರಡು ಕುರುಹುಗಳು ವಿಶೇಷವಾಗಿ ಗಮನಾರ್ಹ. ಮೊದಲನೆಯದು ಶೃಂಗೇರಿಯ ಪರಂಪರೆಗೆ ಸೇರಿದ್ದು. ಮಂಡನಮಿಶ್ರನ ಮನೆಯನ್ನು ಹುಡುಕಿಕೊಂಡು ಬಂದ ಶಂಕರಾಚಾರ್ಯರಿಗೆ, ಬಾಗಿಲಲ್ಲಿ ಬಂಧಿತವಾದ ಹೆಣ್ಣುಗಿಳಿಗಳು ಪ್ರಮಾಣದ ಬಗೆಗೆ ಎಲ್ಲಿ ಚರ್ಚಿಸುತ್ತಿವೆಯೋ ಅದೇ ಆತನ ಮನೆಯೆಂಬ ಗುರುತು ದೊರೆಯಿತೆಂದು ಮಾಧವೀಯ ಶಂಕರದಿಗ್ವಿಜಯ ನಿರೂಪಿಸುತ್ತದೆ. ಈ ಮಂಡನನೇ ಶೃಂಗೇರಿ ಪೀಠದ ಸುರೇಶ್ವರಾಚಾರ್ಯರಾದರೆಂಬುದು ಮಠದ ಸಂಪ್ರದಾಯ. ಸಂಶೋಧಕರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿದೆ. ಇಲ್ಲಿ ಮುಖ್ಯವಾದುದು ಬೇರೆ. ಮನೆಯೊಳಗೆ ಯಾವ ಮಾತು ನಡೆಯುತ್ತದೆಯೋ ಅದನ್ನೇ ಬಾಗಿಲಿನ ಗಿಳಿ ಆಡುತ್ತದೆ, ಆದುದರಿಂದ ಗಿಳಿಯ ಮಾತು ಮನೆಯ ವಿಳಾಸವಾಗಬಲ್ಲದು ಎಂಬ ತಿಳಿವಳಿಕೆ ಈ ಕಥೆಯಲ್ಲಿದೆ.

ಎರಡನೆಯದು ಶಿಲ್ಪದ ಸಾಕ್ಷ್ಯ. ಹೊಯ್ಸಳರ ಮೂಲನೆಲೆಯೆಂದು ಗುರುತಿಸಲಾದ ಅಂಗಡಿ ಮೂಡಿಗೆರೆ ತಾಲ್ಲೂಕಿನಲ್ಲಿದೆ. ಅದೇ ವಂಶದ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಒಬ್ಬಳು ಶುಕಭಾಷಿಣಿ. ಗಿಳಿಯೊಡನೆ ಮಾತನಾಡುವವಳೆಂದೇ ಆಕೆಗೆ ಆ ಹೆಸರು. ಕಥೆಯ ಗಿಳಿ ಬಂಧನದಲ್ಲಿದೆ. ಶಿಲ್ಪದ ಗಿಳಿ ಕೈಮೇಲಿದೆ. ಬಂಧನ ಮತ್ತು ಸಲುಗೆ ಎಂಬ ಈ ಎರಡು ಎಳೆಗಳು ಗಿಳಿ ಸಾಕಣೆಯ ಉದ್ದಕ್ಕೂ ಒಟ್ಟಿಗೇ ಸಾಗಿ ಬಂದಿವೆ.

ಸಾಕುವ ಕ್ರಮ

ಗಿಳಿಗಳು ಮರಿಮಾಡುವುದು ಹೆಚ್ಚಾಗಿ ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ. ರೆಕ್ಕೆ ಬಲಿಯುವ ಮೊದಲೇ ಪೊಟರೆಯಿಂದ ತೆಗೆದ ಮರಿ ಮನುಷ್ಯರ ಕೈಗೆ ಬೇಗ ಒಗ್ಗುತ್ತದೆ; ಬೆಳೆದ ಹಕ್ಕಿ ಸುಲಭವಾಗಿ ಒಗ್ಗುವುದಿಲ್ಲ. ಮರಿಗೆ ಮೆತ್ತಗಿನ ಆಹಾರವನ್ನು ಕೈಯಾರೆ ಉಣಿಸಬೇಕು. ಬೆಳೆದಂತೆ ನೆನೆಸಿದ ಕಡಲೆ, ಬಾಳೆಹಣ್ಣು, ಸೀಬೆಹಣ್ಣು, ಅನ್ನ, ಮೆಣಸಿನಕಾಯಿ ಅದರ ಪಾಲಿಗೆ ಬರುತ್ತಿದ್ದವು. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ತಟ್ಟುವುದಿಲ್ಲವೆಂಬುದನ್ನು ವಿಜ್ಞಾನವು ಇಂದು ವಿವರಿಸುತ್ತದೆ. ಗಿಳಿ ಸಾಕಿದವರಿಗೆ ಅದು ಕಣ್ಣಾರೆ ಕಂಡ ಸಂಗತಿಯಾಗಿತ್ತು. ಹಾರಿಹೋಗದಂತೆ ರೆಕ್ಕೆಯ ಗರಿ ಕತ್ತರಿಸುವುದೂ, ಬೆಕ್ಕಿಗೆ ನಿಲುಕದಂತೆ ಪಂಜರವನ್ನು ಎತ್ತರದಲ್ಲಿ ತೂಗುಹಾಕುವುದೂ ಈ ಕ್ರಮದ ಭಾಗಗಳು.

ಮಾತು ಕಲಿಸುವುದು ತಾಳ್ಮೆಯ ಕೆಲಸ. ಒಂದೇ ಮಾತನ್ನು, ಸಾಧ್ಯವಾದರೆ ಒಬ್ಬರೇ, ದಿನವೂ ಹೇಳುತ್ತಿರಬೇಕು. ದೇವರ ನಾಮವೇ ಮೊದಲ ಪಾಠವಾಗುತ್ತಿದ್ದುದರಿಂದ ಗಿಳಿಗೆ ಗಿಣಿರಾಮನೆಂಬ ಹೆಸರು ನಿಂತಿತು. ಆದರೆ ಗಿಳಿ ಕಲಿಸಿದುದನ್ನಷ್ಟೇ ಕಲಿಯುವ ಹಕ್ಕಿಯಲ್ಲ. ಆಳುಗಳನ್ನು ಕರೆಯುವ ದನಿ, ಯಜಮಾನರ ಕೆಮ್ಮು, ಬಾಗಿಲಿನ ಕಿರುಗುಟ್ಟುವಿಕೆಗಳೂ ಅದರ ಕೊರಳಿಗೆ ಏರುತ್ತವೆ. ಸಹಜವಾಗಿ ಹಿಂಡಿನಲ್ಲಿ ಬಾಳುವ ಗಿಳಿ ತನ್ನ ಹಿಂಡಿನ ಕರೆಗಳನ್ನು ಕೇಳಿ ಕಲಿಯುತ್ತದೆ. ಹಿಂಡಿನಿಂದ ಬೇರ್ಪಟ್ಟು ಒಂಟಿಯಾಗಿ ಬೆಳೆದಾಗ ಮನೆಮಂದಿಯನ್ನೇ ಹಿಂಡೆಂದು ತಿಳಿದು ಅವರ ದನಿಯನ್ನು ಅನುಕರಿಸುತ್ತದೆ. ಜಗಲಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಆ ಮಾತಿನ ಬುಡದಲ್ಲಿ ಒಂಟಿತನವಿತ್ತು ಎಂಬುದನ್ನು ಮರೆಯುವಂತಿಲ್ಲ.

ನುಡಿಯಲ್ಲಿ ಉಳಿದ ಗಿಳಿ

ಈ ಸಾಕಣೆಯ ಸ್ವರೂಪವನ್ನು ಕನ್ನಡ ನುಡಿಯೇ ಸ್ಪಷ್ಟಪಡಿಸುತ್ತದೆ. ಕಾಡಾನೆಯನ್ನು ಹಿಡಿದು ಕೆಲಸಕ್ಕೆ ಹಚ್ಚುವುದು ಪಳಗಿಸುವುದು. ಗಿಳಿಯ ವಿಷಯದಲ್ಲಿ ಹೆಚ್ಚಾಗಿ ಬಳಕೆಯಾಗುವುದು ಸಾಕು ಎಂಬ ಕ್ರಿಯಾಪದ. ಮಕ್ಕಳನ್ನು ಸಾಕುವುದಕ್ಕೂ ಗಿಳಿಯನ್ನು ಸಾಕುವುದಕ್ಕೂ ಇರುವುದು ಒಂದೇ ಮಾತು. ಪ್ರೀತಿಯಿಂದ, ಬೇಸರಿಸದೆ ಬುದ್ಧಿ ಹೇಳುವುದನ್ನು ‘ಗಿಣಿಗೆ ಹೇಳಿದ ಹಾಗೆ ಹೇಳುವುದು’ ಎನ್ನುತ್ತಾರೆ. ಅರ್ಥವರಿಯದ ಕಲಿಕೆಗೆ ಗಿಳಿಪಾಠವೆಂಬ ಹೆಸರಿದೆ. ಮೊದಲನೆಯದು ಕಲಿಸುವವರ ತಾಳ್ಮೆಯನ್ನು ಹೊಗಳಿದರೆ ಎರಡನೆಯದು ಕಲಿಕೆಯ ಮಿತಿಯನ್ನು ತೋರುತ್ತದೆ.

ಮದುವೆಯ ಹಾಡುಗಳಲ್ಲಿ ಮಗಳನ್ನು ಅರಗಿಣಿಯೆಂದು ಕರೆಯುವುದು ಕನ್ನಡ ಜನಪದರಲ್ಲಿ ವ್ಯಾಪಕವಾಗಿದೆ. ‘ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟ ಹಾಗೆ’ ಎಂಬ ಗಾದೆಯು ಮುದ್ದಿನಿಂದ ಬೆಳೆಸಿದ ಹೆಣ್ಣನ್ನು ಕ್ರೂರಿಯ ಮನೆಗೆ ಕೊಟ್ಟ ಸಂಕಟವನ್ನು ಹೇಳುತ್ತದೆ. ಹೊರಬರಲಾಗದ ಸೊಸೆಯ ಬಾಳು ಪಂಜರದ ಗಿಳಿಯ ಬಾಳು. ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಅಡಗಿರುವ ಕಥೆಯೂ ನಮ್ಮಲ್ಲಿ ಬಹು ಪರಿಚಿತ. ಇವೆಲ್ಲವನ್ನೂ ಒಟ್ಟಿಗೆ ನೋಡಿದಾಗ ಒಂದು ಅಂಶ ಎದ್ದುಕಾಣುತ್ತದೆ. ಗಿಳಿಯನ್ನು ಪ್ರೀತಿಸಿದ ಸಮಾಜವು ಪಂಜರದ ದುಃಖವನ್ನು ಅರಿಯದೆ ಇರಲಿಲ್ಲ. ಆದರೆ ಆ ಅರಿವನ್ನು ಅದು ಹೆಣ್ಣಿನ ಬಾಳಿಗೆ ಹೋಲಿಕೆಯಾಗಿ ಬಳಸಿತೇ ಹೊರತು ಗಿಳಿಯ ಪರವಾಗಿ ಬಳಸಿದುದು ಕಡಿಮೆ.

ಹಿಡಿದವರು ಮತ್ತು ಕಾಯಿದೆ

ಗಾದೆಯಲ್ಲಿ ಸಾಕಿದವರಿದ್ದಾರೆ, ಗಿಡುಗನಿದ್ದಾನೆ; ಹಕ್ಕಿಯನ್ನು ಹಿಡಿದು ತಂದವರಿಲ್ಲ. ಕರ್ನಾಟಕದಲ್ಲಿ ಹಕ್ಕಿ ಹಿಡಿಯುವುದನ್ನೇ ಕುಲವೃತ್ತಿಯಾಗಿಸಿಕೊಂಡು, ಹೆಸರಿನಲ್ಲಿಯೂ ಅದನ್ನೇ ಹೊತ್ತ ಸಮುದಾಯ ಹಕ್ಕಿಪಿಕ್ಕಿಗಳದು. ವಾಗ್ರಿ ಎಂಬ ಇಂಡೋ ಆರ್ಯನ್ ನುಡಿಯನ್ನಾಡುವ ಇವರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಚಿಕ್ಕಮಗಳೂರಿಗೆ ನೆರೆಯ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಇವರ ಪ್ರಮುಖ ನೆಲೆಗಳಲ್ಲೊಂದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿಯಿಂದ ದೇಶದ ಕಾಡುಗಿಳಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧವಾಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ತಿದ್ದುಪಡಿಯು ಕಾಯಿದೆಯ ಅನುಸೂಚಿಗಳನ್ನು ಪುನರ್ರಚಿಸಿ, ಬಯಲಿನ ಗಿಳಿಯನ್ನೂ ಎರಡನೆಯ ಅನುಸೂಚಿಗೆ ಸೇರಿಸಿತು. ಮರಿಗಳನ್ನು ಪೊಟರೆಯಿಂದ ತೆಗೆಯುವಾಗ, ಸಾಗಿಸುವಾಗ ಸಾಯುವ ಹಕ್ಕಿಗಳನ್ನು ನೆನೆದರೆ ಈ ರಕ್ಷಣೆಯ ಅಗತ್ಯ ಪ್ರಶ್ನಾತೀತ. ಆದರೆ ಕಾಯಿದೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಸಾಕಿದ ಮನೆಗೆ ನಷ್ಟವಾದುದು ಒಂದು ಪಂಜರ. ಹಿಡಿದವರಿಗೆ ಹೋದುದು ಬದುಕಿನ ದಾರಿ. ಹಕ್ಕಿಪಿಕ್ಕಿಗಳು ಕೂದಲ ಎಣ್ಣೆ, ಗಿಡಮೂಲಿಕೆಗಳ ಮಾರಾಟಕ್ಕಿಳಿದು ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕದನ ಭುಗಿಲೆದ್ದಾಗ ಅಲ್ಲಿ ಸಿಲುಕಿದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳು ಇದ್ದುದು ಈ ಬದಲಾವಣೆಯ ದೂರದ ಪರಿಣಾಮವೇ ಸರಿ.

ಇದೇ ಅವಧಿಯಲ್ಲಿ ಹಕ್ಕಿಯನ್ನು ನೋಡುವ ದೃಷ್ಟಿಯೂ ಬದಲಾಯಿತು. ಮೂಡಿಗೆರೆಯಲ್ಲಿ ನೆಲೆಸಿ 2007ರಲ್ಲಿ ನಿಧನರಾದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಬರಹ ಹಾಗೂ ಛಾಯಾಚಿತ್ರಗಳ ಮೂಲಕ, ಹಕ್ಕಿಯನ್ನು ಅದರ ನೆಲೆಯಲ್ಲಿಯೇ ಕಾದು ನೋಡುವ ಹವ್ಯಾಸವನ್ನು ಕನ್ನಡ ಓದುಗರಲ್ಲಿ ಬೆಳೆಸಿದರು. ಜಗಲಿಯ ಪಂಜರಗಳಿಗಾದರೋ ‘ಲವ್ ಬರ್ಡ್ಸ್’ ಎಂದು ಮಾರಾಟವಾಗುವ, ಆಸ್ಟ್ರೇಲಿಯಾ ಮೂಲದ ಸಣ್ಣ ಗಿಳಿಗಳು ಬಂದವು. ಅತ್ತ ಪಂಜರದಿಂದ ತಪ್ಪಿಸಿಕೊಂಡ ನಮ್ಮ ಬಯಲಿನ ಗಿಳಿಯ ಸಂತತಿ ಲಂಡನ್, ಬ್ರಸೆಲ್ಸ್ ನಗರಗಳ ಉದ್ಯಾನಗಳಲ್ಲಿ ಸ್ವತಂತ್ರವಾಗಿ ಗೂಡುಕಟ್ಟಿಕೊಂಡಿದೆ.

ಉಪಸಂಹಾರ

ಗಿಳಿ ಸಾಕಣೆಯ ಚರಿತ್ರೆಯಲ್ಲಿ ಮರದ ಪೊಟರೆ, ಹಿಡಿಯುವ ಕೈ ಮತ್ತು ಮನೆಯ ಜಗಲಿ ಎಂಬ ಮೂರು ತಾಣಗಳಿವೆ. ಹಾಡು, ಗಾದೆ, ಕಥೆಗಳು ಜಗಲಿಯನ್ನು ಮಾತ್ರ ಉಳಿಸಿಕೊಂಡಿವೆ. ಪೊಟರೆಯ ಕಥೆಯನ್ನು ಕಾಫಿ ತೋಟದ ಮರಗಳ ಚರಿತ್ರೆಯಿಂದಲೂ, ಹಿಡಿದವರ ಕಥೆಯನ್ನು ಹಕ್ಕಿಪಿಕ್ಕಿ ಹಿರಿಯರ ನೆನಪಿನಿಂದಲೂ ತುಂಬಿಕೊಳ್ಳಬೇಕಾಗಿದೆ. ಹಕ್ಕಿಗಳ ದನಿ, ಗೂಡು, ಋತುಗಳ ಬಗೆಗೆ ಆ ಹಿರಿಯರಲ್ಲಿರುವ ಅರಿವು ಬಹುಪಾಲು ಬರಹಕ್ಕೆ ಇಳಿದಿಲ್ಲ. ಹಿಡಿಯುವುದು ನಿಂತ ಮೇಲೆ ಹುಟ್ಟಿದ ತಲೆಮಾರಿಗೆ ಅದು ದಾಟುವುದೂ ಕಷ್ಟ. ಪಂಜರ ಖಾಲಿಯಾದುದು ಒಳಿತೇ ಆಯಿತು. ಆದರೆ ಪಂಜರದೊಡನೆ ಆ ತಿಳಿವಳಿಕೆಯೂ ಕಳೆದುಹೋಗದಂತೆ ದಾಖಲಿಸುವ ಹೊಣೆ ಜಾನಪದ ಅಧ್ಯಯನದ ಮೇಲಿದೆ.